ಸಾಕಮ್ಮ ಕೈ ಎತ್ತಿದ್ದು

ಸಾಕಮ್ಮ ಎಂಬುದು ಅವಳ ಹುಟ್ಟುಹೆಸರಲ್ಲ, ಪ್ರಯೋಗಾಲಯದವರು ಇಟ್ಟ ಅಡ್ಡಹೆಸರು. ಕ್ಯಾನ್ಸರ್ ಜೀವಕೋಶಗಳನ್ನು ಸಾಕುವುದು ಅವಳ ಕೆಲಸ. ಎಂದೋ ಸತ್ತುಹೋದ ಯಾರದೋ ಕರುಳಿನಿಂದ ತೆಗೆದ ಕೋಶಗಳು ಚಪ್ಪಟೆ ಪ್ಲಾಸ್ಟಿಕ್ ಸೀಸೆಗಳಲ್ಲಿ, ಮೈ ಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯೊಳಗೆ, ಸಾಯಲು ಮನಸ್ಸಿಲ್ಲದೆ ಬೆಳೆಯುತ್ತಲೇ ಇರುತ್ತವೆ. ಹೊತ್ತುಹೊತ್ತಿಗೆ ಅವಕ್ಕೆ ಗುಲಾಬಿ ಬಣ್ಣದ ನೀರಾಹಾರ ಹಾಕಬೇಕು, ಜಾಗ ಸಾಲದಾದಾಗ ಬಿಡಿಸಿ ಬೇರೆ ಸೀಸೆಗೆ ಸಾಗಿಸಬೇಕು, ಪ್ರಯೋಗಾಲಯ ನಡೆಸುವ ಮೇಡಂ ಹೇಳಿದ ದಿನ ಕೊಲ್ಲಬೇಕು. ಸಾಕುವುದನ್ನೂ ಕೊಲ್ಲುವುದನ್ನೂ ಅವಳು ಒಂದೇ ಶ್ರದ್ಧೆಯಿಂದ ಮಾಡುತ್ತಿದ್ದಳು. "ತಿನ್ರೋ ದರಿದ್ರಗಳಾ, ತಿಂದು ಕೊಬ್ಬಿ. ಗುರುವಾರ ಇದೆ ನಿಮಗೆ," ಎಂದು ಮುಖಗವಸಿನೊಳಗೇ ಬೈಯುತ್ತಿದ್ದಳು.

ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇತ್ತು. ಒಮ್ಮೆ ಬಸ್ಸಿನ ನೂಕುನುಗ್ಗಲಿನಲ್ಲಿ ಯಾವನೋ ಸೊಂಟಕ್ಕೆ ಕೈ ಹಾಕಿದ. ಅವಳು ಕಿರುಚಲೂ ಇಲ್ಲ, ಕಂಡಕ್ಟರನನ್ನು ಕರೆಯಲೂ ಇಲ್ಲ. ಕೈಯಲ್ಲಿದ್ದ ಸ್ಟೀಲಿನ ಊಟದ ಡಬ್ಬಿಯನ್ನು ಬೀಸಿ ಅವನ ಬಾಯಿಗೆ ಅಪ್ಪಳಿಸಿದಳು. ಅವನು ರಕ್ತ ಉಗುಳುತ್ತ ಹಲ್ಲು ಹುಡುಕಲು ಬಗ್ಗಿದಾಗ ಇವಳು ಡಬ್ಬಿ ಸೊಟ್ಟಗಾಯಿತಲ್ಲ ಎಂದು ನೋಡುತ್ತಿದ್ದಳು. ಕಟ್ಟಿಕೊಂಡ ಗಂಡ, ಚಹಾ ಆರಿಹೋಗಿದೆ ಎಂದು ಒಂದೇ ಒಂದು ಸಲ ಕೈ ಎತ್ತಿದ. ಆ ಕೈಯನ್ನು ಬಾಗಿಲಿನ ಸಂದಿಗೆ ಸೇರಿಸಿ ಬಾಗಿಲು ಹಾಕಿದಳು. ಅವನು ಅದೇ ವಾರ ಇನ್ನೊಂದು ಕೈಯಲ್ಲಿ ಸೂಟ್‌ಕೇಸ್ ಹಿಡಿದುಕೊಂಡು ಹೋದವನು ಮತ್ತೆ ಇತ್ತ ತಲೆ ಹಾಕಲಿಲ್ಲ. ಅವಳೂ ಹುಡುಕಲು ಹೋಗಲಿಲ್ಲ.

ಇದೆಲ್ಲ ಅವಳು ಹುಟ್ಟಿದ ಮನೆಯಲ್ಲಿ ಕಲಿತ ಪಾಠ. ಅಪ್ಪ ಲಾರಿ ರಿಪೇರಿ ಮಾಡುವವನು. ಬಾಗಿಲ ಹಿಂದಿನ ಮೊಳೆಗೆ ಹಳೆಯ ಫ್ಯಾನ್ ಬೆಲ್ಟ್ ಒಂದು ಸದಾ ತೂಗುತ್ತಿತ್ತು. ಅಪ್ಪ ಕುಡಿದು ಬಂದು ಹೊಡೆಯುತ್ತಾನೆ ಎಂದು ನೆರೆಯವರು ಮರುಗುತ್ತಿದ್ದರು. ಮಕ್ಕಳಿಗೆ ಗೊತ್ತಿತ್ತು, ಕುಡಿಯದ ದಿನಗಳೇ ಘೋರ. ಆಗ ಅವನ ಗುರಿ ತಪ್ಪುತ್ತಿರಲಿಲ್ಲ. ಏಟಿನ ಸದ್ದು ಬೀದಿಗೆ ಕೇಳಬಾರದೆಂದು ಅಮ್ಮ ರೇಡಿಯೋ ಜೋರು ಮಾಡುತ್ತಿದ್ದಳು. ಇಂದಿಗೂ ಯಾರಾದರೂ ಥಟ್ಟನೆ ರೇಡಿಯೋ ಜೋರು ಮಾಡಿದರೆ ಸಾಕಮ್ಮನ ಬೆನ್ನು ತಾನಾಗಿ ಸೆಟೆದುಕೊಳ್ಳುತ್ತದೆ.

ಒಂದು ದಿನ ಅವಳ ಕೈತಪ್ಪಿ ಗಿರಾಕಿಯ ಲಾರಿಯ ಹೆಡ್‌ಲೈಟಿನ ಗಾಜು ಒಡೆಯಿತು. ಅಪ್ಪ ಬೆಲ್ಟಿನವರೆಗೆ ಹೋಗುವ ತಾಳ್ಮೆಯಿಲ್ಲದೆ ಕೈಯಲ್ಲಿದ್ದ ಸ್ಪ್ಯಾನರನ್ನೇ ಎತ್ತಿದ. ಅವಳಿಗಿಂತ ಚಿಕ್ಕವನಾದ ತಮ್ಮ ಎಲ್ಲಿದ್ದನೋ ಏನೋ, ನುಗ್ಗಿ ಬಂದು ನಡುವೆ ನಿಂತ. ಅವನ ಕತ್ತಿನ ಕೆಳಗಿನ ಮೂಳೆ ಒಣಕಡ್ಡಿಯಂತೆ ಲಟಕ್ಕೆಂದಿತು. ಅಂದು ಸಂಜೆ ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ತೋಳಿಗೆ ಅಮ್ಮನ ಹಳೆಯ ಸೀರೆಯ ತುಂಡು ಕಟ್ಟಿಕೊಂಡು ಕೂತಿದ್ದ ಅವನೇ ಮಾತು ತೆಗೆದ.

"ಅಕ್ಕಾ, ಊರಿಗೆಲ್ಲ ಹೊಡೆಯೋಣ. ನಾವಿಬ್ರು ಮಾತ್ರ ಒಬ್ಬರ ಮೇಲೊಬ್ರು ಕೈ ಎತ್ತೋದು ಬೇಡ."

"ಸತ್ರೂ ಎತ್ತಲ್ಲ," ಎಂದಳು ಅವಳು.

ಮೂಳೆ ಸೊಟ್ಟಗೆ ಕೂಡಿಕೊಂಡು ಅಲ್ಲೊಂದು ಗಂಟು ಉಳಿಯಿತು. ತಮ್ಮ ಬೆಳೆದು ಎತ್ತರಕ್ಕೂ ಅಗಲಕ್ಕೂ ಆಳಾದ. ಬೀದಿಯವರು ಹೋರಿ ಎಂದು ಕರೆದರು. ಮೀಸೆ ಬಂದ ವರ್ಷವೇ ಅಪ್ಪನನ್ನು ಎತ್ತಿ ಮೆಟ್ಟಿಲಿನಿಂದ ಕೆಳಗೆಸೆದ. ಆಮೇಲೆ ಗುಜರಿ ಅಂಗಳ ಸೇರಿ ಸುತ್ತಿಗೆಯಿಂದ ಹಳೆಯ ಕಾರು ಒಡೆಯುವ ಕೆಲಸ ಹಿಡಿದ. ಅವನ ಕೈಗೆ ಅದಕ್ಕಿಂತ ಒಪ್ಪುವ ಕೆಲಸ ಲೋಕದಲ್ಲಿರಲಿಲ್ಲ. ಅಕ್ಕ ತಮ್ಮ ಇಬ್ಬರೂ ಯಾರ್ಯಾರನ್ನೋ ಬಡಿದರು, ಯಾರ್ಯಾರಿಂದಲೋ ಬಡಿಸಿಕೊಂಡರು. ಆದರೆ ಮೆಟ್ಟಿಲ ಕೆಳಗಿನ ಮಾತನ್ನು ಒಂದು ಚಿಟಿಕೆಯಷ್ಟೂ ಮೀರಿರಲಿಲ್ಲ.

ಅಂಥ ಹೋರಿಯ ಹೊಟ್ಟೆಗೆ ಕ್ಯಾನ್ಸರ್ ಬಂತು. ದೊಡ್ಡ ಕರುಳಿನದು. ರಕ್ತ ಹೋಗುವುದನ್ನು ಎಷ್ಟು ಕಾಲ ಮುಚ್ಚಿಟ್ಟಿದ್ದನೋ, ಕೊನೆಗೆ ಕೆಲಸದಲ್ಲೇ ಕುಸಿದುಬಿದ್ದ. ಆಸ್ಪತ್ರೆಯ ಡಾಕ್ಟರು ಬಿಚ್ಚುಮಾತಿನವರು. "ಈಗಲೇ ಕುಯ್ದು ತೆಗೆದ್ರೆ ಬದುಕೋ ಅವಕಾಶ ಚೆನ್ನಾಗಿದೆ. ತಡ ಮಾಡಿದ್ರೆ ಲಿವರಿಗೆ ಹೋಗುತ್ತೆ. ಆಮೇಲೆ ನನ್ನ ಕೈಲೂ ಆಗಲ್ಲ. ಮಲ ಹೋಗೋಕೆ ಸ್ವಲ್ಪ ದಿನ ಹೊಟ್ಟೆ ಮೇಲೆ ಚೀಲ ಇರುತ್ತೆ." ಮೊದಲಿನ ಮಾತೆಲ್ಲ ಹೋರಿಯ ಕಿವಿಗೆ ಬೀಳಲಿಲ್ಲ, ಚೀಲ ಮಾತ್ರ ಕೇಳಿತು. ಮನೆಗೆ ಬಂದವನೇ ಊಟದ ಮೇಜನ್ನು ಒದ್ದು ಉರುಳಿಸಿದ.

ಇನ್ನು ಸಾಕಮ್ಮನ ಪ್ರಯೋಗಾಲಯದ ವಿಷಯ. ಅಲ್ಲಿ ನಡೆಯುತ್ತಿದ್ದುದೂ ಕರುಳಿನ ಕ್ಯಾನ್ಸರಿನ ಕೆಲಸವೇ. ಮೇಡಂ ಒಂದು ಸಲ ಎಲ್ಲರನ್ನೂ ಕೂರಿಸಿಕೊಂಡು ತಿಳಿಸಿದ್ದರು. "ಒಂದು ಕೋಶದೊಳಗಿರೋ ಡಿಎನ್‌ಎ ಎಳೇನ ಬಿಡಿಸಿ ಎಳೆದ್ರೆ ಆಳುದ್ದಕ್ಕಿಂತ ಜಾಸ್ತಿ. ಅದಕ್ಕೆ ತನ್ನ ಕಂಡ್ರೆ ತನಗೇ ಆಗಲ್ಲ. ಮೈತುಂಬ ಒಂದೇ ಜಾತಿ ವಿದ್ಯುತ್ತು, ಹತ್ರ ಬಂದ ಕಡೆಯೆಲ್ಲ ತನ್ನನ್ನ ತಾನೇ ದೂಡುತ್ತೆ. ಅಂಥದ್ದನ್ನ ಪ್ರೋಟೀನುಗಳಿಗೆ ಸುತ್ತಿ ಮಡಿಸಿ ಇಟ್ಟಿರೋ ಗಂಟಿಗೆ ಕ್ರೊಮಾಟಿನ್ ಅಂತೀವಿ. ಗಂಟು ಬಿಗಿಯಾಗಿರೋ ಕಡೆ ಇರೋ ಜೀನುಗಳು ಸುಮ್ಮನಿರ್ತವೆ, ಸಡಿಲ ಇರೋ ಕಡೆ ಕೆಲಸ ಮಾಡ್ತವೆ. ಈ ಪಾಲಿಅಮೀನ್ ಅನ್ನೋ ಪುಟಾಣಿಗಳಿವೆಯಲ್ಲ, ಸ್ಪರ್ಮೀನ್ ಮತ್ತೆ ಅದರ ಬಳಗ, ಅವುಗಳ ವಿದ್ಯುತ್ತು ಎಳೆಯದಕ್ಕೆ ವಿರುದ್ಧ. ನಡುವೆ ನಿಂತು ಜಗಳ ಆರಿಸಿ ಎಳೆಗಳನ್ನ ಹತ್ರ ತರ್ತವೆ. ಎಲ್ಲಾ ಕೋಶಗಳಲ್ಲೂ ಇರ್ತವೆ. ಕ್ಯಾನ್ಸರ್ ಕೋಶದಲ್ಲಿ ಮಾತ್ರ ಮಿತಿಮೀರಿ ತುಂಬಿರ್ತವೆ. ಅವನ್ನ ತಗ್ಗಿಸಿದ್ರೆ ಗಂಟು ಏನಾಗುತ್ತೆ, ಕೋಶ ಏನಾಗುತ್ತೆ, ಅದು ನಮ್ಮ ಪ್ರಶ್ನೆ."

ಸಾಕಮ್ಮನಿಗೆ ಇದರಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿಯಿತು, ನಡುವೆ ನಿಲ್ಲುವುದು. ತಮ್ಮನ ಕತ್ತಿನ ಗಂಟು ಅವಳಿಗೆ ನೆನಪಾಗಿತ್ತು.

ತಮ್ಮ ಮೇಜು ಉರುಳಿಸಿದ ವಾರ ಮೇಡಂ ಪರದೇಶದಲ್ಲಿದ್ದರು. ಹೊರಗಿನಿಂದ ಸ್ಪರ್ಮೀನ್ ಕೊಟ್ಟು ನೋಡುವ ಪ್ರಯೋಗ ತಾವು ಬಂದ ಮೇಲೆ ಎಂದು ಹೇಳಿಯೇ ಹೋಗಿದ್ದರು. ಆದರೆ ಸಾಕಮ್ಮನಿಗೆ ಸುಮ್ಮನೆ ಕೂರಲಾಗಲಿಲ್ಲ. ಸೀಸೆಯೊಳಗಿನ ಕೋಶಗಳನ್ನು ನೋಡಿದರೆ ಅವಳಿಗೆ ಮೈ ಉರಿಯುತ್ತಿತ್ತು. ಇವುಗಳ ಒಡಹುಟ್ಟಿದವೇ ತಮ್ಮನ ಹೊಟ್ಟೆಯೊಳಗಿವೆ, ಇಲ್ಲಿ ಇವಕ್ಕೆ ನಾನು ಊಟ ಬಡಿಸುತ್ತಿದ್ದೇನೆ! ಪಾಲಿಅಮೀನನ್ನು ಇನ್ನಷ್ಟು ಸುರಿದರೆ ಎಳೆ ಬಿಗಿದು ಬಿಗಿದು ಉಸಿರು ಕಟ್ಟಿ ಸಾಯಲಿ ಎಂದು ಲೆಕ್ಕ ಹಾಕಿದಳು. ನೀಲಿ ಮುಚ್ಚಳದ ಬಾಟಲಿಯಿಂದ ಸ್ಪರ್ಮೀನಿನ ಬಿಳಿ ಪುಡಿ ತೆಗೆದು ಕರಗಿಸಿ, ಎಂದಿನ ಆಹಾರಕ್ಕೆ ಬೆರೆಸಿ, ಅರ್ಧ ಸೀಸೆಗಳಿಗೆ ಕೊಟ್ಟಳು. ಉಳಿದ ಅರ್ಧಕ್ಕೆ ಬರೀ ಆಹಾರ ಹಾಕಿ ಪಕ್ಕದಲ್ಲಿಟ್ಟಳು. ಹೋಲಿಸಿ ನೋಡದೆ ನಂಬಬಾರದೆಂಬ ಪಾಠ ಅವಳಿಗೂ ಗೊತ್ತಿತ್ತು.

ಮರುದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳು ಹಾಗೇ ನಿಂತುಬಿಟ್ಟಳು. ಪುಡಿ ತಿಂದ ಸೀಸೆಗಳಲ್ಲಿ ಕಗ್ಗೊಲೆಯಾಗಿತ್ತು. ತಳಕ್ಕೆ ಕಚ್ಚಿಕೊಂಡಿರಬೇಕಾದ ಕೋಶಗಳು ಕಿತ್ತುಬಂದು, ಸುರುಟಿ, ಸಿಡಿದು, ಚೂರುಚೂರಾಗಿ ತೇಲುತ್ತಿದ್ದವು. ಒಂದೂ ಉಳಿದಿರಲಿಲ್ಲ. ಬರೀ ಆಹಾರದ ಸೀಸೆಗಳಲ್ಲಿ ಎಲ್ಲ ಕೊಬ್ಬಿ ಕೂತಿದ್ದವು. ಅವಳು ಮೇಜನ್ನು ಗುದ್ದಿದಳು. "ಸತ್ರಲ್ಲೋ! ಸತ್ರಲ್ಲೋ ಕಳ್ಳನನ್ಮಕ್ಕಳಾ!" ಎಂದು ಕೂಗಿದ್ದು ಕಾವಲುಗಾರನಿಗೂ ಕೇಳಿಸಿತು.

ಆ ಸಂತೋಷದಲ್ಲೇ ತಮ್ಮನ ಮನೆಗೆ ಓಡಿದಳು. ಅಲ್ಲಿ ಇನ್ನೊಂದು ಯುದ್ಧ. ಆಪರೇಷನ್ನಿನ ದಿನ ಹತ್ತಿರ ಬಂತೆಂದು ಹೆಂಡತಿ ನೆನಪಿಸಿದ್ದಕ್ಕೆ ಹೋರಿ ತಟ್ಟೆಗಳನ್ನು ಒಂದೊಂದಾಗಿ ಗೋಡೆಗೆ ಎಸೆಯುತ್ತಿದ್ದ. ಅವಳು ಮೂಲೆಯಲ್ಲಿ ತಲೆಗೆ ಕೈ ಅಡ್ಡ ಹಿಡಿದು ಕೂತಿದ್ದಳು. ಅವಳ ಹುಬ್ಬಿನ ಮೇಲಿಂದ ರಕ್ತ ಇಳಿಯುತ್ತಿತ್ತು. ಸಾಕಮ್ಮ ಬಾಗಿಲಲ್ಲೇ ನಿಂತು ಕೂಗಿದಳು, "ಲೋ, ನಿಲ್ಲಿಸೋ! ನಮ್ಮ ಲ್ಯಾಬಲ್ಲಿ ಕೊಂದುಬಿಟ್ವಿ ಕಣೋ. ನಿನ್ನ ಹೊಟ್ಟೇಲಿರೋ ಅಂಥವನ್ನೇ. ಒಂದೂ ಉಳೀಲಿಲ್ಲ!"

ಎತ್ತಿದ ತಟ್ಟೆ ಹೋರಿಯ ಕೈಯಲ್ಲೇ ಉಳಿಯಿತು.

"ನಿಜ ಹೇಳ್ತಿದೀಯಾ ಅಕ್ಕಾ?"

"ಕಣ್ಣಾರೆ ನೋಡಿದೀನಿ. ಆದ್ರೆ ಇದು ಔಷಧಿ ಆಗೋಕೆ ಇನ್ನೂ ದೂರ ಇದೆ. ಇಲಿಗೂ ಕೊಟ್ಟು ನೋಡಿಲ್ಲ."

"ನಾನೇ ಇಲಿ. ನಂಗೇ ಕೊಡು. ಕುಯ್ಯೋದೂ ಬೇಡ, ಚೀಲಾನೂ ಬೇಡ."

ಆಗಲೇ ಅವನ ಕತ್ತಿನ ಪಟ್ಟಿ ಹಿಡಿದು ಆಸ್ಪತ್ರೆಗೆ ದಬ್ಬಬೇಕಿತ್ತು. ಅವಳು ದಬ್ಬಲಿಲ್ಲ. ಗೆದ್ದವಳ ಅಮಲು ಅವಳಿಗೆ ಇನ್ನೂ ಇಳಿದಿರಲಿಲ್ಲ. "ನೋಡೋಣ, ಮೇಡಂ ಬರಲಿ," ಎಂದಳು. ಅದೇ ವಾರ ತಮ್ಮನನ್ನು ಪ್ರಯೋಗಾಲಯಕ್ಕೆ ಕರೆದೊಯ್ದು ನೀಲಿ ಮುಚ್ಚಳದ ಬಾಟಲಿಯನ್ನೂ, ಅದಿಡುವ ಫ್ರಿಜ್ಜನ್ನೂ ತೋರಿಸಿದಳು. ಅವನು ಆಪರೇಷನ್ನಿನ ದಿನ ಆಸ್ಪತ್ರೆಯ ಕಡೆ ಸುಳಿಯಲೂ ಇಲ್ಲ. ಕರೆಯಲು ಬಂದ ಹೆಂಡತಿಯ ತಮ್ಮನ ದವಡೆ ಊದುವಂತೆ ಹೊಡೆದು ಕಳಿಸಿದ.

ಮೇಡಂ ಬಂದರು. ಸಾಕಮ್ಮ ಸತ್ತ ಸೀಸೆಗಳ ಚಿತ್ರಗಳನ್ನು ಹರವಿ, ಶಹಬ್ಬಾಸ್‌ಗಿರಿಗೆ ಕಾದು ನಿಂತಳು. ಮೇಡಂ ಒಂದೊಂದೇ ಚಿತ್ರ ನೋಡಿದರು, ಕನ್ನಡಕ ತೆಗೆದಿಟ್ಟರು.

"ಆಹಾರಕ್ಕೆ ಯಾವ ಸೀರಂ ಹಾಕಿದ್ದೆ?"

"ಎಂದಿನದೇ ಮೇಡಂ. ಕರುವಿನ ರಕ್ತದ್ದು."

"ತಡೆಪುಡಿ ಹಾಕಿದ್ದಾ?"

"ಯಾವ ತಡೆಪುಡಿ?"

ಮೇಡಂ ಕುರ್ಚಿಗೆ ಒರಗಿ ಉಸ್ಸೆಂದರು. "ಅದಕ್ಕೇ ನಾನು ಬರೋವರೆಗೆ ಬೇಡ ಅಂದಿದ್ದು. ಕರುವಿನ ಸೀರಮ್ಮಲ್ಲಿ ಒಂದು ಕಿಣ್ವ ಇರುತ್ತೆ. ಸ್ಪರ್ಮೀನ್ ಕಂಡ್ರೆ ಕಚ್ಚಿ ತುಂಡು ಮಾಡುತ್ತೆ. ಆ ತುಂಡುಗಳು ವಿಷ. ನಿನ್ನ ಕೋಶಗಳನ್ನ ಕೊಂದಿದ್ದು ಆ ವಿಷ, ಸ್ಪರ್ಮೀನಲ್ಲ. ಆಹಾರ ಒಂದೇ ಇದ್ರೂ ಸಾಯಲ್ಲ, ಸ್ಪರ್ಮೀನ್ ಒಂದೇ ಇದ್ರೂ ಇಷ್ಟಕ್ಕೆ ಸಾಯಲ್ಲ. ಎರಡನ್ನೂ ಸೇರಿಸಿ ಸೀಸೆಯೊಳಗೆ ಬಾಂಬು ಇಟ್ಟಿದೀಯ. ಯಾವ ಕೋಶ ಇಟ್ಟಿದ್ರೂ ಸಾಯ್ತಿತ್ತು, ನನ್ನದೂ ನಿನ್ನದೂ. ಈ ಕೆಲಸದಲ್ಲಿ ಬಹಳ ಜನ ಬಿದ್ದಿರೋ ಗುಂಡಿ ಇದು."

ಆ ಕಿಣ್ವದ ಬಾಯಿ ಕಟ್ಟುವ ಪುಡಿ ಹಾಕಿ ಮತ್ತೆ ಮಾಡಿದರು. ಈ ಸಲ ಮೇಡಂ ಪಕ್ಕದಲ್ಲೇ ಇದ್ದರು. ಕೋಶಗಳು ಒಂದೂ ಸಾಯಲಿಲ್ಲ. ಡಿಎನ್‌ಎ ಕತ್ತರಿಸುವ ಇನ್ನೊಂದು ಕಿಣ್ವವನ್ನು ಅವುಗಳ ಎಳೆಗಂಟು ಇರುವ ನ್ಯೂಕ್ಲಿಯಸ್ಸಿನೊಳಗೆ ಬಿಟ್ಟು ನೋಡಿದರು. ಸ್ಪರ್ಮೀನ್ ಹೀರಿದ ಕೋಶಗಳ ಕ್ರೊಮಾಟಿನ್ ಎಷ್ಟು ಒತ್ತಾಗಿ ಮಡಿಸಿಕೊಂಡಿತ್ತೆಂದರೆ ಕತ್ತರಿ ಸರಿಯಾಗಿ ಒಳಹೋಗಲೇ ಇಲ್ಲ. ಎಳೆ ಭದ್ರವಾಗಿತ್ತು. ಉಸಿರು ಕಟ್ಟಿ ಸಾಯುವ ಮಾತು ಹಾಗಿರಲಿ, ಅವು ಹೊಟ್ಟೆ ತುಂಬಿ ಆರಾಮವಾಗಿದ್ದವು.

"ಇದು ಅವಕ್ಕೆ ಊಟ ಸಾಕಮ್ಮ," ಎಂದರು ಮೇಡಂ. "ಅದನ್ನ ಕಿತ್ಕೊಳ್ಳೋ ದಾರಿ ನಾವು ಹುಡುಕ್ತಿರೋದು."

ಸಾಕಮ್ಮ ಕೈಗವಸನ್ನೂ ಬಿಚ್ಚದೆ ಗುಜರಿ ಅಂಗಳಕ್ಕೆ ಓಡಿದಳು.

ಹೋರಿ ಒಂದು ಹಳೆಯ ವ್ಯಾನಿನ ಬಾಗಿಲು ಒಡೆಯುತ್ತಿದ್ದ. ಅಂಗಿಯೊಳಗೆ ಮೈ ಸೋತು, ಕತ್ತಿನ ಗಂಟು ಇನ್ನಷ್ಟು ಎದ್ದು ಕಾಣುತ್ತಿತ್ತು. ಒಂದು ಏಟು ಹಾಕಿ ಸುತ್ತಿಗೆ ಊರಿಕೊಂಡು ಏದುಸಿರು ಬಿಡುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು. ತಪ್ಪಾಯಿತು, ಅದು ಔಷಧಿಯಲ್ಲ, ಕಾಯಿಲೆಗೆ ಅನ್ನ, ಈಗಲೇ ಆಸ್ಪತ್ರೆಗೆ ನಡಿ ಎಂದು ಅಂಗಲಾಚಿದಳು. ಅವನು ಪೂರ್ತಿ ಕೇಳಿಸಿಕೊಂಡು, ವ್ಯಾನಿನ ಗಾಜಿಗೆ ಸುತ್ತಿಗೆ ಬೀಸಿದ. ಚೂರುಗಳು ಇಬ್ಬರ ಮೈಮೇಲೂ ಸಿಡಿದವು.

"ನಿನ್ನ ಮೇಡಂ ನಿನ್ನ ಬಾಯಿ ಕಟ್ಟಿದಾಳೆ."

"ಇಲ್ಲ ಕಣೋ, ನಾನೇ..."

"ಕಣ್ಣಾರೆ ನೋಡಿದೀನಿ ಅಂದಿದ್ದು ನೀನೇ ತಾನೇ? ಸಾಯೋ ತಮ್ಮನ ಹತ್ರ ಸುಳ್ಳು ಹೇಳ್ತೀಯಾ? ಹೋಗು ಇಲ್ಲಿಂದ."

ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಅವನು ಪ್ರಯೋಗಾಲಯಕ್ಕೆ ಬಂದ. ತಡೆದ ಕಾವಲುಗಾರನ ಮೂಗಿಗೆ ತಲೆಯಿಂದಲೇ ಗುದ್ದಿದ. ಗಾಜಿನ ಬಾಗಿಲನ್ನು ಒದ್ದು ಒಡೆದ. ಸದ್ದಿಗೆ ಸಾಕಮ್ಮ ಒಳಕೋಣೆಯಿಂದ ಓಡಿಬರುವಷ್ಟರಲ್ಲಿ ಅವನ ಮುಂಗೈಯಿಂದ ರಕ್ತ ಸುರಿಯುತ್ತಿತ್ತು, ಫ್ರಿಜ್ಜಿನ ಬಾಗಿಲು ಹಾರುಹೊಡೆದಿತ್ತು. ಒಳಗಿನ ಬಾಟಲಿಗಳನ್ನು ಬಾಚಿ ಬಾಚಿ ನೆಲಕ್ಕೆ ಬಿಸಾಡುತ್ತಿದ್ದ. ಯಾವುದೋ ಒಂದು ಒಡೆದು ಕೊಳೆತ ಮಾಂಸದ ನಾತ ಕೋಣೆಯನ್ನೆಲ್ಲ ತುಂಬಿತು. ಅದೂ ಒಂದು ಪಾಲಿಅಮೀನೇ. ಅವನಿಗೆ ನೀಲಿ ಮುಚ್ಚಳ ಸಿಕ್ಕಿತು.

ಅವಳು ಅವನ ಸೊಂಟಕ್ಕೆ ಜೋತುಬಿದ್ದಳು. "ಬೇಡ ಕಣೋ! ಮೂತ್ರಪಿಂಡ ಸುಟ್ಟುಹೋಗುತ್ತೆ, ಸತ್ತೋಗ್ತೀಯ!" ಅವನು ಒಮ್ಮೆ ಮೈ ಕೊಡವಿದ. ಅವಳು ಹಾರಿಹೋಗಿ ಕಲ್ಲಿನ ಕಟ್ಟೆಗೆ ಬಡಿದಳು. ಬಾಯಿ ತುಂಬ ಉಪ್ಪುಪ್ಪು ರಕ್ತ ಬಂತು.

"ಹೊಡೀಲಿಲ್ಲ ಅಕ್ಕಾ," ಎಂದ ಅವನು, ಆ ಹೊತ್ತಿನಲ್ಲೂ. "ಬಿಡಿಸ್ಕೊಂಡೆ ಅಷ್ಟೇ."

ಮುಚ್ಚಳ ತಿರುಗಿಸಿ ಬಾಯಿ ತೆರೆದ.

ಕೋಶಗಳ ಪೆಟ್ಟಿಗೆಗೆ ಅನಿಲ ಕೊಡುವ ಸಿಲಿಂಡರಿನ ಪಕ್ಕದಲ್ಲಿ, ಅದರ ತಲೆ ತಿರುಗಿಸುವ ಕಬ್ಬಿಣದ ಸ್ಪ್ಯಾನರ್ ಯಾವಾಗಲೂ ತೂಗುತ್ತಿತ್ತು. ಅದು ಅವಳ ಕೈಗೆ ಯಾವಾಗ ಬಂತೋ ಅವಳಿಗೆ ಗೊತ್ತಿಲ್ಲ. ಬೀಸಿದ್ದು ಮಾತ್ರ ಗೊತ್ತು. ಅವನ ಮುಂಗೈ ಮುರಿದ ಸದ್ದು ಕೇಳಿಸಿತು, ಬಾಟಲಿ ಹಾರಿ ನೆಲಕ್ಕೆ ಬಿದ್ದು ಪುಡಿ ಚೆಲ್ಲಿತು. ಹೋರಿ ಮಂಡಿಯೂರಿ ಕೂತು, ಗಾಜಿನ ಚೂರುಗಳ ಸಮೇತ ಪುಡಿಯನ್ನು ಎಡಗೈಯಲ್ಲಿ ಗುಡ್ಡೆಮಾಡಿ ಬಾಯಿಗೆ ಒಯ್ಯತೊಡಗಿದ.

ಅವಳು ಮತ್ತೆ ಬೀಸಿದಳು. ಕತ್ತಿನ ಕೆಳಗೆ, ಗಂಟಿನ ಮೇಲೇ ಬಿತ್ತು. ಲಟಕ್.

ಅವನು ಪಕ್ಕಕ್ಕೆ ಉರುಳಿದ. ಅವಳು ಪುಡಿಯ ಮೇಲೆ ಎರಡೂ ಕಾಲಿಟ್ಟು, ಸ್ಪ್ಯಾನರ್ ಎತ್ತಿಕೊಂಡೇ ನಿಂತಿದ್ದಳು. ಕೆಳಗಿನಿಂದ ಅವನು ನೋಡಿದ. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಚಿಕ್ಕಂದಿನ ಭಯ.

"ಅಪ್ಪಾ," ಎಂದ.

ಸ್ಪ್ಯಾನರ್ ಅವಳ ಕೈಯಿಂದ ಜಾರಿತು. ಮೂಗು ಹಿಡಿದುಕೊಂಡು ಬಂದ ಕಾವಲುಗಾರನೇ ಆಂಬುಲೆನ್ಸಿಗೆ ಫೋನ್ ಮಾಡಿದ.

ಮೂಳೆ ಮುರಿಸಿಕೊಂಡವನಿಗೆ ಆಸ್ಪತ್ರೆ ಬೇಡ ಎನ್ನುವ ತ್ರಾಣವಿರಲಿಲ್ಲ. ಸಾಕಮ್ಮ ತುಟಿಗೆ ಹೊಲಿಗೆ ಹಾಕಿಸಿಕೊಳ್ಳುತ್ತಲೇ ಕರುಳಿನ ಡಾಕ್ಟರನ್ನು ಕರೆಸಿದಳು. ಹೆಂಡತಿ ಅವನ ತಲೆದಿಂಬಿನ ಬಳಿ ಕೂತು ಒಂದೇ ಮಾತು ಹೇಳಿದಳಂತೆ, "ಈಗ ನೀವು ನನ್ನನ್ನ ಹೊಡೆಯೋ ಹಾಗಿಲ್ಲ, ಅದಕ್ಕೇ ಹೇಳ್ತಿದೀನಿ. ಕುಯ್ಯಿಸ್ಕೊಳ್ಳಿ." ಅವನು ಗೋಡೆ ಕಡೆ ಮುಖ ತಿರುಗಿಸಿ ಹೂಂ ಎಂದು ತಲೆಯಾಡಿಸಿದ. ಲಿವರಿನಲ್ಲಿ ಒಂದು ಚುಕ್ಕೆ ಕಾಣಿಸಿಕೊಂಡಿತ್ತು. ಡಾಕ್ಟರು ಅದನ್ನೂ ಸೇರಿಸಿ ತೆಗೆದರು. ಮುಂಚೆಯೇ ಬಂದಿದ್ದರೆ ಅದು ಇರುತ್ತಿರಲಿಲ್ಲವೇನೋ ಎಂದು ಅವರು ಹೇಳಿದ್ದನ್ನು ಸಾಕಮ್ಮ ನಿಂತು ಕೇಳಿಸಿಕೊಂಡಳು. ಇನ್ನು ಮೇಲೆ ಏನಾಗುವುದೋ ಅವರೂ ಹೇಳಲಾರರು.

ಪ್ರಯೋಗಾಲಯದವರು ಅವಳನ್ನು ಕೆಲಕಾಲ ಮನೆಯಲ್ಲೇ ಇರು ಎಂದರು. ಅವಳು ಹಗಲೆಲ್ಲ ಆಸ್ಪತ್ರೆಯಲ್ಲಿ ಕೂರುತ್ತಿದ್ದಳು. ತಮ್ಮನ ಹೊಟ್ಟೆಯ ಚೀಲವನ್ನು ಅವಳೇ ಬದಲಾಯಿಸುತ್ತಿದ್ದಳು. ಅವನು ಕಣ್ಣು ಮುಚ್ಚಿಕೊಂಡು ಬಿಟ್ಟುಕೊಡುತ್ತಿದ್ದ, ಮಾತಾಡುತ್ತಿರಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ ಅವಳೇ ತಡೆಯಲಾರದೆ, ಅವನ ಪ್ಲಾಸ್ಟರಿಲ್ಲದ ಕೈ ಹಿಡಿದು ತನ್ನ ಕೆನ್ನೆಯ ಬಳಿ ತಂದಳು.

"ಹೊಡಿಯೋ. ಒಂದು ಕೊಡು, ಮುಗಿದುಹೋಗ್ಲಿ. ಮಾತು ಮುರಿದಿದ್ದು ನಾನು. ನೀನೂ ಮುರಿ."

ಅವನು ಕಣ್ಣು ತೆರೆದ. ಕೈ ಮೇಲೆತ್ತಿದ. ಕಾರು ಒಡೆದು ಒಡೆದು ಕಲ್ಲಾಗಿದ್ದ ಕೈ, ಈಗ ನರ ಎದ್ದು ಸೊರಗಿತ್ತು. ಅವಳು ಕೆನ್ನೆ ಒಡ್ಡಿದಳು. ಪಕ್ಕದ ಹಾಸಿಗೆಯವರು ರೇಡಿಯೋ ಜೋರು ಮಾಡಿದರು, ಅವಳ ಬೆನ್ನು ಸೆಟೆದುಕೊಂಡಿತು.

ಏಟು ಬೀಳಲಿಲ್ಲ. ಕೈ ಮೆಲ್ಲಗೆ ಹಾಸಿಗೆಗೆ ಇಳಿಯಿತು.

"ಬೇಡ ಅಕ್ಕಾ," ಎಂದ ಅವನು. "ನಮ್ಮನೇಲಿ ಒಬ್ಬರಾದ್ರೂ ಮಾತು ಉಳಿಸ್ಕೊಂಡಿರ್ಲಿ."

ಫ್ಯಾನ್ ಬೆಲ್ಟಿಗೂ ಅಳದ ಸಾಕಮ್ಮ ಮಂಚದ ಕಂಬಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅವನು ತಡೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಚೀಲ ತುಂಬಿದೆ ನೋಡು," ಎಂದ. ಅವಳು ಕಣ್ಣೊರೆಸಿಕೊಂಡು, ಕೈ ತೊಳೆದುಕೊಂಡು ಬಂದು, ಅದನ್ನು ಬದಲಾಯಿಸಿದಳು.